ಅಮಾವಾಸ್ಯೆಯ ದಿನ ಎತ್ತಿದ ದಿಂಡು

ಮೊಮ್ಮಕ್ಕಳೇ, ಮೊನ್ನೆ ಬಣ್ಣದ ಹಬ್ಬದ ಮರುದಿನ ನಿಮ್ಮಲ್ಲಿ ಸಣ್ಣವಳು ಹಿತ್ತಿಲ ಕಲ್ಲಿನ ಮೇಲೆ ಕುಳಿತು ಎರಡು ಸಿರಿಂಜು ಹಿಡಿದು ಆಡುತ್ತಿದ್ದಳು. ಸೂಜಿ ಇಲ್ಲದವು, ಬಣ್ಣ ಚಿಮ್ಮಿಸಲೆಂದು ಔಷಧದ ಅಂಗಡಿಯಿಂದ ತಂದವು. ಎರಡರ ಮೂತಿಗೂ ಒಂದೇ ತುಂಡು ಕೊಳವೆ ಸಿಕ್ಕಿಸಿ, ನೀರನ್ನು ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ತಳ್ಳುತ್ತಿದ್ದಳು. ಹತ್ತು ಸಲ ತಳ್ಳುವಷ್ಟರಲ್ಲಿ ನೀರು ಬೆಳ್ಳಗಾಯಿತು. ಒಳಗೆಲ್ಲ ಸಾಸಿವೆಗಿಂತ ಸಣ್ಣ ಗುಳ್ಳೆಗಳು...

ನಾನು ಕೈಯಲ್ಲಿದ್ದ ಮೊರವನ್ನು ಹಾಗೇ ಹಿಡಿದು ನಿಂತುಬಿಟ್ಟೆ.

"ಆಯಿ, ಏನ ನೋಡಾಕತ್ತೀ?" ಎಂದು ಕೇಳಿದಳು.

ಏನೂ ಇಲ್ಲ ಎಂದೆ. ಯಾರು ಏನು ಕೇಳಿದರೂ ನನ್ನ ಬಾಯಿಗೆ ಮೊದಲು ಬರುವ ಮಾತು ಅದೇ. ಆದರೆ ಅವತ್ತಿನಿಂದ ಮನಸ್ಸು ತಡೆಯಲಿಲ್ಲ, ಅದಕ್ಕೇ ಬರೆಯಲು ಕುಳಿತಿದ್ದೇನೆ. ಮಾತಾಡುವುದಕ್ಕಿಂತ ಬರೆಯುವುದು ನನಗೆ ಸುಲಭ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ಅಸುಂಡಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇವು, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ಹದಿನಾಲ್ಕು ವರ್ಷದ ಹಿಂದೆ ಗದಗಿನ ಒಂದು ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಒಬ್ಬ ಹೆಣ್ಣುಮಗಳು ಹೀಗೆಯೇ ಎರಡು ಸಿರಿಂಜುಗಳ ನಡುವೆ ನೀರು ಆಡಿಸಿದ್ದರು. ಎದೆಯ ಮೇಲೆ ಯಂತ್ರದ ಹಿಡಿ ಇಟ್ಟು, ಒಳಗೆ ಹೃದಯ ಬಡಿಯುವುದನ್ನು ಪರದೆಯ ಮೇಲೆ ನೋಡುವ ಪರೀಕ್ಷೆಗೆ ಎಕೋ ಎನ್ನುತ್ತಾರೆ. ಅದನ್ನು ಮಾಡುವ ಡಾಕ್ಟರು ಅವರು. ಎಲ್ಲರೂ ಎಕೋ ಬಾಯಾರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ತೆಳ್ಳಗಿನ ಮೈ, ಕೊರಳಿಗೆ ದಾರ ಕಟ್ಟಿದ ಕನ್ನಡಕ. ವರ್ಷಗಟ್ಟಲೆ ಆ ಹಿಡಿಯನ್ನು ಒತ್ತಿ ಒತ್ತಿ ಅವರ ಬಲ ಭುಜ ಎಡಕ್ಕಿಂತ ಒಂದು ಬೆರಳು ಇಳಿದಿತ್ತು. ನಿಮ್ಮ ಅಜ್ಜನ ಭುಜವೂ ಮಗ್ಗದ ಲಾಳಿ ಎಳೆದು ಎಳೆದು ಹಾಗೇ ಇಳಿದಿತ್ತು.

ಆಗ ನಿಮ್ಮಲ್ಲಿ ಯಾರೂ ಹುಟ್ಟಿರಲಿಲ್ಲ. ನಿಮ್ಮ ಅಜ್ಜನಿಗೆ ನಲವತ್ತಾರು. ಬೆಟಗೇರಿಯ ನಮ್ಮ ಮನೆಯ ನಡುಮನೆಯಲ್ಲಿ ಕುಣಿ ಮಗ್ಗ ಇತ್ತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಬೆಳಗಿನಿಂದ ಸಂಜೆಯವರೆಗೆ ಕುಳಿತು ಸೀರೆ ನೇಯುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದೆ. ಸೀರೆಯ ಉದ್ದೆಳೆಗಳಿಗೆ ಹಾಸು ಎನ್ನುತ್ತೇವೆ, ಒಂದು ಹಾಸು ಮುಗಿದ ಮೇಲೆ ಹೊಸ ಹಾಸಿನ ನೂಲು ಸುತ್ತಿದ ಮರದ ದಿಂಡನ್ನು ಮಗ್ಗಕ್ಕೆ ಏರಿಸಬೇಕು. ಇಬ್ಬರು ಗಂಡಸರು ಉಸಿರು ಬಿಗಿಹಿಡಿದು ಎತ್ತುವಷ್ಟು ಭಾರ. ಒಂದು ತುದಿಗೆ ನಿಮ್ಮ ಅಜ್ಜ, ಇನ್ನೊಂದು ತುದಿಗೆ ಪಕ್ಕದ ಮನೆಯ ನೇಕಾರಣ್ಣ. ನೂಲು ಗೋಜಲಾಗದಂತೆ ಎಳೆಗಳ ಕೊನೆ ಹಿಡಿದು ನಿಲ್ಲುವುದು ನನ್ನ ಕೆಲಸ.

ಆ ವರ್ಷ ಆಷಾಢದಲ್ಲಿ ಒಂದು ದಿನ ದಿಂಡು ಏರಿಸಿ ಕೈ ಬಿಟ್ಟ ಕೂಡಲೇ ನಿಮ್ಮ ಅಜ್ಜನ ಮಾತು ತೊದಲಿತು. ನೀರು ಎಂದು ಕೇಳಲು ಹೋಗಿ ಬೇರೆ ಏನೋ ಅಂದರು. ಅರ್ಧ ತಾಸಿನಲ್ಲಿ ಸರಿಹೋಯಿತು. ಪಿತ್ತ ಏರಿದೆ ಎಂದು ಅತ್ತೆ ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟರು. ನಾವು ಮರೆತೆವು.

ಎರಡನೆಯ ಸಲ ಆದದ್ದು ದಸರೆಗೆ ಮುಂಚಿನ ಅಮಾವಾಸ್ಯೆಯ ದಿನ. ನಮ್ಮ ಓಣಿಯಲ್ಲಿ ಅಮಾವಾಸ್ಯೆ ಎಂದರೆ ಮಗ್ಗ ಮುಟ್ಟುವುದಿಲ್ಲ. ಮಗ್ಗ ಒರೆಸಿ, ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ ಕೈ ಮುಗಿದು ಬಿಡುತ್ತೇವೆ. ಆದರೆ ಮುಂಡರಗಿಯ ನಾದಿನಿಯ ಮಗಳ ಮದುವೆ ಹತ್ತಿರ ಬಂದಿತ್ತು. ಸೋದರಮಾವನೇ ನೇಯ್ದ ಸೀರೆ ಉಡುತ್ತೇನೆ ಎಂದು ಆ ಹುಡುಗಿ ಹೇಳಿ ಕಳಿಸಿದ್ದಳು. ನೇಕಾರಣ್ಣನಿಗೆ ಮರುದಿನ ಊರಿಗೆ ಹೋಗುವುದಿತ್ತು. ಅತ್ತೆ ಗುಡಿಗೆ ಹೋದ ಹೊತ್ತು ನೋಡಿ, ಬಾಗಿಲು ಮುಂದೆ ಮಾಡಿ, ಇಬ್ಬರೂ ದಿಂಡು ಎತ್ತಿದರು. ಇಟ್ಟು ಉಸಿರು ಬಿಟ್ಟರು... ನಿಮ್ಮ ಅಜ್ಜನ ಬಲಗೈ ತೊಯ್ದ ಅರಿವೆಯ ಹಾಗೆ ಜೋತುಬಿತ್ತು. ಬಾಯಿ ಒಂದು ಕಡೆ ಸರಿಯಿತು. ಕುಣಿಯ ಅಂಚಿಗೆ ಕುಸಿದರು.

ಲಕ್ವಾ. ಕೂಡಿದ ಓಣಿಯವರಲ್ಲಿ ಶಿರಹಟ್ಟಿ ಕಡೆ ಎಣ್ಣೆ ತಿಕ್ಕುವವರ ಹತ್ತಿರ ಒಯ್ಯಿರಿ ಎಂದು ಒಬ್ಬರು, ಗದಗಿಗೆ ಒಯ್ಯಿರಿ ಎಂದು ಒಬ್ಬರು. ನನ್ನ ಮೈದುನ ಅಷ್ಟರಲ್ಲಿ ಆಟೋ ತಂದ. ನೂಲಿನ ಅಂಗಡಿಯಲ್ಲಿದ್ದವನು ಸುದ್ದಿ ಕೇಳಿ ಓಡಿ ಬಂದಿದ್ದ. ಆ ಪುಣ್ಯಾತ್ಮ ಗದಗಿಗೇ ನಡೆ ಎಂದದ್ದಕ್ಕೆ ಇವತ್ತಿಗೂ ಅವನಿಗೆ ಕೈ ಮುಗಿಯುತ್ತೇನೆ. ಆದರೆ ದಾರಿಯಲ್ಲಿ ಅವನು ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದ.

"ವೈನಿ, ಅಮಾಸಿ ದಿನ ಮಗ್ಗ ಮುಟ್ಟಿದ್ದು ಯಾರ ಮುಂದೂ ಬಾಯಿ ಬಿಡಬ್ಯಾಡ. ಅವ್ವಗ ತಿಳಿದ್ರ ಎದಿ ಒಡಕೊಂಡ ಸಾಯ್ತಾಳ."

ಆಸ್ಪತ್ರೆಯಲ್ಲಿ ಯಾವ ಡಾಕ್ಟರು ಕೇಳಿದರೂ ಉತ್ತರ ಅವನದೇ.

"ಏನ ಮಾಡಾಕತ್ತಿದ್ರು ಆವಾಗ?"

"ಏನೂ ಇಲ್ರೀ ಸಾಹೇಬ್ರ. ಚಾ ಕುಡಕೋತ ಸುಮ್ನ ಕುಂತಿದ್ರು."

ನಾನು ಸೆರಗಿನ ತುದಿ ನೋಡುತ್ತ ಗೋಡೆಗೆ ಅಂಟಿ ನಿಂತಿರುತ್ತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ... ಗೊತ್ತಿಲ್ಲ.

ತಲೆಯ ಸ್ಕ್ಯಾನು ಮಾಡಿ, ಮಿದುಳಿನ ರಕ್ತನಾಳಕ್ಕೆ ಹೆಪ್ಪು ಸಿಕ್ಕಿಕೊಂಡಿದೆ ಎಂದರು. ಅದನ್ನು ಕರಗಿಸುವ ಔಷಧ ಕೊಟ್ಟರು. ನಾಲ್ಕು ದಿನದಲ್ಲಿ ಬಾಯಿ ನೆಟ್ಟಗಾಯಿತು. ಮಾತು ಅರ್ಧ ಬಂತು, ಕೈಬೆರಳು ಅಷ್ಟಿಷ್ಟು ಆಡಿದವು. ಆದರೆ ಆ ಹೆಪ್ಪು ಎಲ್ಲಿಂದ ಬಂತು ಎನ್ನುವುದು ಸಿಗಲಿಲ್ಲ. ಕೊರಳಿನ ರಕ್ತನಾಳ ಚೊಕ್ಕ. ಸಕ್ಕರೆ ಇಲ್ಲ, ಬೀಪಿ ಇಲ್ಲ, ತಂಬಾಕಿನ ಚಟ ಇಲ್ಲ. ಎದೆಬಡಿತದ ಪಟ್ಟಿಯೂ ಸರಿ. ವಾರ್ಡಿನ ದೊಡ್ಡ ಡಾಕ್ಟರು ಮೈದುನನಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು. ಎರಡು ಸಲ ಬಂದದ್ದು ಮೂರನೆಯ ಸಲವೂ ಬರಬಹುದು, ಬಂದರೆ ಮಾತೂ ಕೈಯೂ ಪೂರಾ ಹೋಗಬಹುದು, ಜೀವವೂ ಹೋಗಬಹುದು, ಬೇರು ಎಲ್ಲಿದೆ ಎಂದು ತಿಳಿಯದೆ ಏನು ಮಾಡಬೇಕೆಂದು ಹೇಳುವುದು ಕಷ್ಟ ಎಂದರು. ಕಡೆಗೆ ಎಕೋ ಕೋಣೆಗೆ ಬರೆದುಕೊಟ್ಟರು.

ಲಕ್ವಾ ಬಡಿದದ್ದು ತಲೆಗೆ. ಎದೆ ಯಾಕೆ ನೋಡುತ್ತಾರೆ ಎಂದು ನನಗೆ ತಿಳಿಯಲಿಲ್ಲ. ನನಗಂತೂ ಅದು ಅಮಾವಾಸ್ಯೆಯ ಫಲವೆಂದೇ ಒಳಗೊಳಗೆ ನಂಬಿಕೆಯಾಗಿತ್ತು.

ಆ ಕೋಣೆಯಲ್ಲಿ ಒಂದು ಮಂಚ, ಒಂದು ಯಂತ್ರ, ಕಿಟಕಿಗೆ ದಪ್ಪ ಪರದೆ. ಬಾಯಾರು ಒಂದು ಸ್ಟೀಲಿನ ಪಾತ್ರೆಯ ಬಿಸಿನೀರಿನಲ್ಲಿ ಬಾಟಲಿ ಅದ್ದಿಟ್ಟಿದ್ದರು. ಎದೆಗೆ ಹಚ್ಚುವ ಲೋಳೆಯಂಥ ಔಷಧ ಅದು. "ಹಂಗ ಹಚ್ಚಿದ್ರ ಮಂದಿ ಬೆಚ್ಚಿ ಬೀಳ್ತಾರ್ರಿ" ಎಂದರು, ನಾನು ಕೇಳದಿದ್ದರೂ. ನಿಮ್ಮ ಅಜ್ಜನನ್ನು ಎಡಮಗ್ಗುಲಾಗಿ ಮಲಗಿಸಿದರು. ಎದೆಯ ಮೇಲಿನ ಲಿಂಗದ ಕರಡಿಗೆಗೆ ಅವರು ಕೈ ಹಚ್ಚಲಿಲ್ಲ. ನನ್ನ ಕಡೆ ನೋಡಿ, "ಅದನ್ನ ನೀವ ಅವರ ಅಂಗೈಯಾಗ ಇಡ್ರಿ, ಮೈಬಿಟ್ಟು ಹೋಗೂದು ಬ್ಯಾಡ" ಎಂದರು. ಆ ಒಂದು ಮಾತಿಗೇ ನನ್ನ ಅರ್ಧ ಹೆದರಿಕೆ ಇಳಿಯಿತು.

ಅವರು ಹಿಡಿ ಒತ್ತಿದರು. ಪರದೆಯ ಮೇಲೆ ಹೃದಯ ಬಂತು.

ಮಕ್ಕಳೇ, ಅದನ್ನು ಹೇಗೆ ಹೇಳಲಿ. ಇಪ್ಪತ್ತೈದು ವರ್ಷ ಒಟ್ಟಿಗೆ ಬಾಳಿದ ಮನುಷ್ಯನ ಒಳಗು ಅದು. ಕಪ್ಪು ಬೂದು ಬಣ್ಣದಲ್ಲಿ ನಾಲ್ಕು ಕೋಣೆಗಳು. ನಡುವೆ ತೆಳ್ಳನೆಯ ಕವಾಟಗಳು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಕಾಲು ತುಳಿದಾಗ ಹಾಸಿನ ಎಳೆಗಳು ಬಾಯಿ ಬಿಟ್ಟು ಲಾಳಿಗೆ ದಾರಿ ಕೊಟ್ಟು ಮತ್ತೆ ಕೂಡುತ್ತವಲ್ಲ, ಹಾಗೆ. ತುಳಿಯುವವರು ಯಾರು ಎಂದು ಮಾತ್ರ ಕಾಣುತ್ತಿರಲಿಲ್ಲ. ನಿಮ್ಮ ಅಜ್ಜ ಹುಟ್ಟುವ ಮೊದಲಿನಿಂದ ಒಂದು ಗಳಿಗೆಯೂ ನಿಲ್ಲದೆ ನಡೆದ ಮಗ್ಗ... ನನಗೆ ಕಣ್ಣು ತುಂಬಿ ಬಂತು.

ಆಮೇಲೆ ಅವರು ಎರಡು ಸಿರಿಂಜು ತೆಗೆದುಕೊಂಡರು. ಒಂದಿಷ್ಟು ಉಪ್ಪುನೀರು, ಒಂದು ಚೂರು ಗಾಳಿ. ಇತ್ತಿಂದತ್ತ ಆಡಿಸಿ ನೊರೆ ಮಾಡಿ ಕೈಯ ರಕ್ತನಾಳಕ್ಕೆ ಬಿಟ್ಟರು. ಪರದೆಯಲ್ಲಿ ಹೃದಯದ ಬಲಬದಿಯ ಕೋಣೆಗಳು ಹಿಟ್ಟು ತೂರಿದಂತೆ ಬೆಳ್ಳಗಾದವು. ಎಡಬದಿ ಕಪ್ಪಾಗಿಯೇ ಇತ್ತು.

"ಮುಕ್ಕರಿಸ್ರಿ ಯಜಮಾನ್ರ, ಹೊಟ್ಟಿ ಬಿಗಿ ಹಿಡೀರಿ" ಎಂದರು. ಮತ್ತೊಮ್ಮೆ ನೊರೆ ಬಿಟ್ಟರು. ಎಡಬದಿ ಆಗಲೂ ಕಪ್ಪು.

ಮೈದುನ ಬಾಗಿಲ ಹತ್ತಿರದಿಂದ ಕೇಳಿದ. "ಎಲ್ಲಾ ಬರೋಬ್ಬರಿ ಐತಲ್ರಿ?"

ಬಾಯಾರು ಪರದೆಯಿಂದ ಕಣ್ಣು ತೆಗೆದರು. ನಿಮ್ಮ ಅಜ್ಜನ ಮುಖ ನೋಡಿದರು. ನಿಮ್ಮ ಅಜ್ಜ ಮುಕ್ಕರಿಸಿರಲಿಲ್ಲ. ಹೆಣ್ಣುಮಗಳ ಮುಂದೆ ಹೊಟ್ಟೆ ಬಿಗಿಹಿಡಿದು ಏನಾದರೂ ಆದರೆ ಮಾನ ಹೋಗುತ್ತದೆಂದು ಗಲ್ಲ ಮಾತ್ರ ಉಬ್ಬಿಸಿದ್ದರು. ನನಗೆ ಗೊತ್ತಾಗಿತ್ತು. ಬಾಯಾರಿಗೂ ಗೊತ್ತಾಗಿತ್ತು ಅನ್ನಿಸುತ್ತದೆ.

"ಇವರು ಬಿದ್ದಾಗ ಕೂಡ ಯಾರ ಇದ್ರಿ?"

"ನಾನ ಇದ್ದೆರಿ" ಎಂದ ಮೈದುನ.

"ಹಂಗಾರ ನೀವ ಹೊರಗ ಕುಂಡ್ರಿ. ಖೋಲಿ ಸಣ್ಣದೈತಿ, ಬಾಳ ಮಂದಿ ಉಸರಾಡಿದ್ರ ನನ್ನ ಮಷಿನ್ನಿಗೆ ಸಿಟ್ಟ ಬರತೈತಿ."

ಅವನು ಹೋದ. ಬಾಯಾರು ಸ್ಟೂಲು ತಿರುಗಿಸಿ ನನ್ನ ಕಡೆ ಕುಳಿತರು.

"ಈಗ ನೀವ ಹೇಳ್ರೆವಾ. ನೀವ ಏನ ಕಂಡ್ರಿ?"

ಅಷ್ಟು ವರ್ಷದಲ್ಲಿ ನನ್ನನ್ನು ಆ ಮಾತು ಕೇಳಿದವರು ಅವರೊಬ್ಬರೇ. ನಿಮ್ಮ ಅಜ್ಜ ಮುಖ ಗೋಡೆಯ ಕಡೆ ಮಾಡಿದರು. ಹೇಳಬೇಡ ಎಂದೇ ಅದರ ಅರ್ಥ. ಹೇಳಿದರೆ ಮನೆಯ ಮರ್ಯಾದೆ, ಅತ್ತೆಯ ಸಂಕಟ. ಹೇಳದಿದ್ದರೆ... ಅಂಗೈಯಲ್ಲಿ ಕರಡಿಗೆ ಹಿಡಿಯಲಾರದೆ ನಡುಗುತ್ತಿದ್ದ ಅವರ ಬೆರಳುಗಳನ್ನು ನೋಡಿದೆ. ನೆಲ ನೋಡುತ್ತ ಹೇಳಿದೆ.

"ಅಮಾಸಿ ದಿನ ಮಗ್ಗ ಮುಟ್ಟಿದ್ರಿ. ಅದಕ್ಕ ಹಿಂಗ ಆತು."

ಅವರು ನಗುತ್ತಾರೆಂದುಕೊಂಡೆ. ನಗಲಿಲ್ಲ.

"ಅಮಾಸಿ ಆಮ್ಯಾಲ ನೋಡೂಣು. ಮುಟ್ಟಿ ಏನ ಮಾಡಿದ್ರು?"

"ದಿಂಡ ಎತ್ತಿದ್ರು."

"ಬಾಳ ಭಾರ?"

"ಇಬ್ಬರು ಎತ್ತೂದ್ರಿ."

"ಎತ್ತೂ ಮುಂದ ಕೈ ಬಿತ್ತೋ, ಇಟ್ಟಮ್ಯಾಲ ಬಿತ್ತೋ?"

ಅದನ್ನು ನಾನು ಕಣ್ಣಾರೆ ಕಂಡಿದ್ದೆ. ಎಳೆಗಳನ್ನು ಹಿಡಿದು ಅವರ ಮುಖದ ಎದುರಿಗೇ ನಿಂತಿದ್ದೆ. "ಇಟ್ಟಮ್ಯಾಲರಿ. ಇಟ್ಟು, ಹಿಡಿದಿದ್ದ ಉಸರ ಬಿಟ್ರು. ಆವಾಗ ಬಿತ್ತು."

ವಾರ್ಡಿನಿಂದ ಬಂದ ಕಾಗದ ನೋಡಿ ಕೇಳಿದರು. "ಆಷಾಢದಾಗ?"

"ಆವತ್ತೂ ದಿಂಡ ಇಟ್ಟಮ್ಯಾಲನರಿ. ಆವತ್ತ ಅಮಾಸಿ ಇರಲಿಲ್ಲ."

ಹಾಗೆಂದ ಮೇಲೆ ನನಗೇ ಅದು ಹೊಳೆಯಿತು. ಅವರು ಕನ್ನಡಕ ಮೂಗಿಗೆ ಏರಿಸಿದರು.

"ಇದನ್ನ ಇಷ್ಟ ದಿನಾ ಯಾರ ಮುಂದೂ ಹೇಳಿಲ್ಲೇನ್ರಿ?"

"ಯಾರೂ ಕೇಳಿಲ್ರಿ."

ಅವರು ಇನ್ನೊಮ್ಮೆ ಸಿರಿಂಜು ತುಂಬಿದರು. ನಿಮ್ಮ ಅಜ್ಜನ ಭುಜ ತಟ್ಟಿದರು. "ಯಜಮಾನ್ರ, ಮುಕ್ಕರಿಸೂದು ಬ್ಯಾಡ. ಈಗ ನಾವಿಬ್ಬರು ಒಂದ ದಿಂಡ ಎತ್ತೂಣು. ಆ ತುದಿ ನಿಮ್ಮದು, ಈ ತುದಿ ನಂದು. ಎತ್ರಿ ಅಂದಾಗ ಉಸರ ಹಿಡೀರಿ, ಇಳಸ್ರಿ ಅಂದಾಗ ಬಿಡ್ರಿ. ನೂಲ ಹರೀಬಾರದು ನೋಡ್ರಿ ಮತ್ತ."

ನಿಮ್ಮ ಅಜ್ಜ ಆ ಮಾತು ಕೇಳಿ ಒಂದು ಕ್ಷಣ ಅವರನ್ನೇ ನೋಡಿದರು. ನಾಚಿಕೆ ಎಲ್ಲಿ ಹೋಯಿತೋ. ಆ ಮೈಗೆ ಆ ಕೆಲಸ ಗೊತ್ತಿತ್ತು. "ಎತ್ರಿ" ಎಂದರು ಬಾಯಾರು. ನಿಮ್ಮ ಅಜ್ಜನ ಕೊರಳ ನರ ಉಬ್ಬಿದವು, ಹಲ್ಲು ಕಚ್ಚಿದರು, ಮುಖ ಕೆಂಪಾಯಿತು. ಬಲಬದಿ ಬೆಳ್ಳಗಾಯಿತು. ಒಂದು, ಎರಡು, ಮೂರು... ಎಂಟರವರೆಗೆ ಎಣಿಸಿದೆ.

"ಇಳಸ್ರಿ."

ಉಸಿರು ಬಿಟ್ಟರು. ಮೇಲಿನ ಎರಡು ಕೋಣೆಗಳ ನಡುವಿನ ಗೋಡೆ ಗಾಳಿಗೆ ಪರದೆ ಉಬ್ಬುವಂತೆ ಎಡಕ್ಕೆ ಉಬ್ಬಿತು. ಕಪ್ಪಗಿದ್ದ ಕಡೆ ಒಂದು ಬಿಳಿ ಕಾಳು ಕಂಡಿತು. ಮತ್ತೊಂದು. ಆಮೇಲೆ ಒಂದು ಹಿಡಿಯಷ್ಟು, ಬೆಳಗಿನ ಜಾವದ ಚುಕ್ಕೆಗಳ ಹಾಗೆ. ಬಡಿತಕ್ಕೊಮ್ಮೆ ಕುಣಿಯುತ್ತ ಕೆಳಗಿನ ಕೋಣೆಗೆ ಹೋದವು. ಅಲ್ಲಿಂದ ಮೇಲೆ, ತಲೆಯ ಕಡೆಗೆ.

ಬಾಯಾರು ಮೆಲ್ಲಗೆ, "ಬಂತು" ಎಂದರು. ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ನೋಡ್ರಿ. ನೀವ ಹುಡಿಕಿದ್ದು ಇದು."

ನಿಮ್ಮ ಅಜ್ಜ ಅರ್ಧ ನಾಲಿಗೆಯಲ್ಲಿ ಕೇಳಿದರು. "ಅ... ಮಾಸಿ?"

ಆಗ ಬಾಯಾರು ನಕ್ಕರು. "ಅಮಾಸಿ ಅಲ್ರಿ. ನೀವು ಹುಟ್ಟಿದಾಗಿಂದ ಐತಿ. ಅಮಾಸಿ ಮ್ಯಾಲ ಯಾಕ ಹಾಕ್ತೀರಿ ಪಾಪ?"

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ತಾಯಿಯ ಹೊಟ್ಟೆಯಲ್ಲಿರುವಾಗ ಮಗು ಉಸಿರಾಡುವುದಿಲ್ಲ. ಹಾಗಾಗಿ ಹೃದಯದ ಆ ಗೋಡೆಯಲ್ಲಿ ಒಂದು ಸಣ್ಣ ಕದ ತೆರೆದಿರುತ್ತದೆ. ರಕ್ತ ಅದರ ಮೂಲಕ ಹಾದು ಹೋಗುತ್ತದೆ. ಹುಟ್ಟಿ ಮೊದಲ ಸಲ ಅತ್ತು ಉಸಿರೆಳೆದಾಗ ಕದ ಮುಚ್ಚಿಕೊಳ್ಳುತ್ತದೆ, ಬರುಬರುತ್ತ ಬೆಸೆದುಕೊಳ್ಳುತ್ತದೆ. ನಿಮಗೆಲ್ಲರಿಗೂ ಒಂದು ಕಾಲಕ್ಕೆ ಆ ಕದ ಇತ್ತು. ಕೆಲವರಿಗೆ ಅದು ಮುಚ್ಚಿದರೂ ಬೆಸೆಯುವುದಿಲ್ಲ. ಬಹಳ ಮಂದಿ ಹಾಗೇ ಬದುಕಿ ಮುಗಿಸುತ್ತಾರೆ, ಏನೂ ಆಗುವುದಿಲ್ಲ. ನಿಮ್ಮ ಅಜ್ಜನದು ಭಾರ ಎತ್ತಿ ಉಸಿರು ಬಿಟ್ಟ ಗಳಿಗೆಯಲ್ಲಿ ತೆರೆಯುತ್ತಿತ್ತು.

ಮರುದಿನ ಕಾಲಿನ ರಕ್ತನಾಳಗಳನ್ನೂ ಅದೇ ಯಂತ್ರದಲ್ಲಿ ನೋಡಿದರು. ಮೊಣಕಾಲ ಹಿಂದೆ ಹೆಪ್ಪು ಸಿಕ್ಕಿತು. ಕುಣಿಯ ಅಂಚಿಗೆ ತೊಡೆ ಒತ್ತಿ ತಾಸುಗಟ್ಟಲೆ ಕುಳಿತದ್ದಕ್ಕೆ ಇರಬಹುದು ಎಂದರು. ಅಂಥ ಚೂರು ಎದ್ದು ಬಂದರೂ ಪುಪ್ಪುಸ ಎಂಬ ಜರಡಿಯಲ್ಲಿ ಸಿಕ್ಕಿ ಉಳಿಯಬೇಕು, ಇವರಿಗೆ ಅದು ಜರಡಿ ತಪ್ಪಿಸಿ, ಕಳ್ಳ ಕದದಿಂದ ನುಸುಳಿ ತಲೆಗೆ ಹೋಗಿದೆ ಎಂದರು. ನಾನು ದಿನಾ ಹಿಟ್ಟು ಜರಡಿ ಹಿಡಿಯುವವಳು, ಅದು ಮಾತ್ರ ಚೆನ್ನಾಗಿ ತಿಳಿಯಿತು.

ರಕ್ತ ತೆಳುವಾಗುವ ಗುಳಿಗೆ ಕೊಟ್ಟರು. ಕೆಲವು ತಿಂಗಳ ಮೇಲೆ ಹುಬ್ಬಳ್ಳಿಯಲ್ಲಿ ತೊಡೆಯ ರಕ್ತನಾಳದ ಮೂಲಕ ಅಂಗಿಯ ಗುಂಡಿಯಂಥ ಒಂದು ಸಣ್ಣ ಮುಚ್ಚಳ ಕಳಿಸಿ ಕದ ಮುಚ್ಚಿದರು. ಎದೆ ಕೊಯ್ಯಲಿಲ್ಲ. ನೇಕಾರಣ್ಣ ನೋಡಲು ಬಂದವನು, "ಲೇ, ಎದಿ ಬಾಗಲಾ ಮುಚ್ಚಿದ್ರು, ಚಲೋ ಆತು. ಬಾಯಿಗೂ ಒಂದ ಹಾಕಿಸ್ಕೊಂಡ ಬರಬೇಕಿಲ್ಲ?" ಎಂದ. ನಿಮ್ಮ ಅಜ್ಜ ಬಲಗೈಯಿಂದಲೇ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ನಾವಿಬ್ಬರೂ ಆ ಕೈಯನ್ನೇ ನೋಡಿದೆವು.

ಅತ್ತೆಗೆ ನಾನೇ ಹೇಳಿದೆ. ಅವರು ಎಲ್ಲ ಕೇಳಿ, "ಆ ಕದಾ ತೆರದಿದ್ದು ಅಮಾಸಿ ದಿನಾನ ಹೌದಲ್ಲ?" ಎಂದರು, ಅಷ್ಟೇ. ಎದೆ ಒಡೆದುಕೊಳ್ಳಲಿಲ್ಲ.

ನಿಮ್ಮ ಅಜ್ಜ ಆಮೇಲೆ ಹನ್ನೊಂದು ವರ್ಷ ನೇಯ್ದರು. ತಾಸಿಗೊಮ್ಮೆ ಎದ್ದು ಓಣಿಯ ತುದಿಯವರೆಗೆ ನಡೆದು ಬರುತ್ತಿದ್ದರು. ದಿಂಡಿಗೆ ಮಾತ್ರ ಕೈ ಹಚ್ಚಲಿಲ್ಲ. ಮುಂಡರಗಿಯ ಮದುವೆಗೆ ಸೀರೆ ಮುಗಿಯಲಿಲ್ಲ, ಆ ಹುಡುಗಿಯ ಸೀಮಂತಕ್ಕೆ ಮುಗಿಯಿತು. ವರ್ಷಕ್ಕೊಮ್ಮೆ ಬಾಯಾರ ಹತ್ತಿರ ತೋರಿಸಲು ಹೋಗುತ್ತಿದ್ದೆವು. ಬಿಸಿನೀರಿನ ಪಾತ್ರೆ, ಬಾಟಲಿ, ಇಳಿದ ಭುಜ. ಹಿಡಿ ಒತ್ತುವ ಮೊದಲು ಅವರು ನನ್ನ ಕಡೆ ತಿರುಗುತ್ತಿದ್ದರು. "ಏನ ಕಂಡ್ರಿ ಈ ವರ್ಷ?" ನಾನು ವರ್ಷವಿಡೀ ಅದಕ್ಕಾಗಿ ನೋಡಿಟ್ಟುಕೊಳ್ಳುತ್ತಿದ್ದೆ. ಮಾತು ತಡವರಿಸಿದ್ದು, ಕಾಲು ಬಾತದ್ದು, ನಿದ್ದೆ, ಊಟ. ಅವರು ಒಂದನ್ನೂ ತಳ್ಳಿಹಾಕಲಿಲ್ಲ. ಅವರು ನಮಗೆ ಮಾಡಿದ್ದು ದೊಡ್ಡದು ಎಂದು ಹೇಳಬೇಕೆಂದು ಪ್ರತಿ ಸಲ ಮೆಟ್ಟಿಲು ಹತ್ತುವಾಗ ಅಂದುಕೊಳ್ಳುತ್ತಿದ್ದೆ. ಇಳಿಯುವಾಗ ಹೇಳದೆ ಇಳಿದಿರುತ್ತಿದ್ದೆ. ಕೇಳಿದ್ದಕ್ಕೆ ಉತ್ತರ ಕೊಡುವುದನ್ನು ಅವರು ಕಲಿಸಿದ್ದರು. ಕೇಳದೆ ಹೇಳುವುದು ನನಗೆ ಬರಲೇ ಇಲ್ಲ.

ಮೂರು ವರ್ಷದ ಹಿಂದೆ ನಿಮ್ಮ ಅಜ್ಜ ಬೇರೆ ಜಡ್ಡಿನಿಂದ ಹೋದರು. ಅದಾದ ಮೇಲೆ ಎಕೋ ಕೋಣೆಗೆ ಹೋಗಲು ನನಗೆ ಕಾರಣವೇ ಉಳಿಯಲಿಲ್ಲ. ಒಮ್ಮೆ ಹೋಗಬೇಕು, ಒಂದು ಮಾತು ಹೇಳಬೇಕು ಎನ್ನುತ್ತಲೇ ಇದ್ದೆ. ತೋರಿಸುವ ರೋಗಿ ಇಲ್ಲದೆ ಒಳಗೆ ಹೋಗಿ ಏನೆಂದು ಹೇಳಲಿ ಎಂದು ಸಂಕೋಚ...

ಸಿರಿಂಜು ಕಂಡ ಮರುದಿನ ಯಾರಿಗೂ ಹೇಳದೆ ಬಸ್ಸು ಹತ್ತಿ ಹೋದೆ. ಕೋಣೆಯ ಮುಂದೆ ಬೇರೆ ಹೆಸರಿನ ಹಲಗೆ ಇತ್ತು. ನೆಲ ಒರೆಸುತ್ತಿದ್ದ ಹೆಣ್ಣುಮಗಳು, "ಆ ಬಾಯಾರು ತೀರಿ ಹೋಗಿ ಆರ ತಿಂಗಳ ಆತವಾ, ನಿಮಗ ಖಬರ ಇಲ್ಲೇನು?" ಎಂದಳು. ಬಾಗಿಲ ಸಂದಿಯಿಂದ ಇಣುಕಿದೆ. ಹೊಸ ಯಂತ್ರ, ಹೊಸ ಹುಡುಗಿ. ಮೇಜಿನ ಮೇಲೆ ಬಾಟಲಿ ಹಾಗೇ ನಿಂತಿತ್ತು. ಬಿಸಿನೀರಿನ ಪಾತ್ರೆ ಇರಲಿಲ್ಲ.

ಆ ಹೆಣ್ಣುಮಗಳಿಗೂ ಏನೂ ಹೇಳದೆ ತಿರುಗಿ ಬಂದೆ. ಬಾಯಾರು ಇದ್ದಿದ್ದರೆ ಕೇಳುತ್ತಿದ್ದರು, ಏನ ಕಂಡ್ರಿ ಎಂದು. ನಾನು ಹೇಳಬೇಕೆಂದು ಇಟ್ಟುಕೊಂಡಿದ್ದು ಇಷ್ಟೇ. ಅದನ್ನು ಈಗ ನಿಮಗೆ ಹೇಳುತ್ತಿದ್ದೇನೆ. ಕೊನೆಯ ದಿನ ನಿಮ್ಮ ಅಜ್ಜ ನನ್ನ ಹೆಸರು ಹಿಡಿದು ಕರೆದರು, ಒಂದಕ್ಷರವೂ ತೊದಲಲಿಲ್ಲ. ನನ್ನ ಕೈ ಹಿಡಿದುಕೊಂಡರು. ಬಲಗೈಯಿಂದ, ಲಾಳಿ ಹಿಡಿದಷ್ಟು ಗಟ್ಟಿಯಾಗಿ.